ಜೂನ್ ಮೂವತ್ತರೊಳಗೆ ಲೈಸೆನ್ಸು

2019, ಮಾರ್ಚ್ 3, ಭಾನುವಾರ. ಬೆಳಿಗ್ಗೆ 11

ಗ್ಯಾರೇಜಿನಲ್ಲಿ ಇನ್ನೂ ಚಳಿ. ನಮ್ಮ ಹಳೇ ಕಾರು ಸ್ಪಿಟ್‌ಫೈರಿನ ಬಾನೆಟ್ಟನ್ನು ಪೂರ್ತಿ ಮುಂದಕ್ಕೆ ಮಗುಚಿ, ಮುಂದಿನ ಟೈರಿನ ಮೇಲೆ ಕೂತು, ಎರಡೂ ಕಾರ್ಬುರೇಟರ್ ಸಮ ಮಾಡಿದೆ. ರಬ್ಬರ್ ಕೊಳವೆಯ ಒಂದು ತುದಿ ಅವುಗಳ ಬಾಯಿಗೆ, ಇನ್ನೊಂದು ನನ್ನ ಕಿವಿಗೆ. ಎರಡರ ಉಸಿರೂ ಒಂದೇ ಥರ ಕೇಳುವವರೆಗೆ ತಿರುಪು ತಿರುಗಿಸುವುದು. ಇದಕ್ಕೂ ಒಂದು ಮೀಟರ್ ಸಿಗುತ್ತದೆ ಅಂಗಡಿಯಲ್ಲಿ. ಕಿವಿ ಇಲ್ಲದವರು ಕೊಂಡುಕೊಳ್ಳಲಿ.

ಆಮೇಲೆ ಮುಂದಿನ ಚಕ್ರಗಳ ತಿರುಗುಕೀಲಿಗೆ ಎಣ್ಣೆ. ಗ್ರೀಸ್ ಅಲ್ಲ, ಎಣ್ಣೆ! ಈ ಒಂದು ಮಾತನ್ನು ಹಳೇ ಕಾರಿನ ಕ್ಲಬ್ಬಿನ ಗಂಡಸರಿಗೆ ಮೂವತ್ತೊಂದು ವರ್ಷದಿಂದ ಹೇಳುತ್ತಿದ್ದೇನೆ. ಎದುರಿಗೆ ತಲೆ ಆಡಿಸುತ್ತಾರೆ. ಮನೆಗೆ ಹೋಗಿ ಗ್ರೀಸ್ ತುಂಬುತ್ತಾರೆ.

ಕ್ಲೈವ್ ಡ್ರೈವರ್ ಸೀಟಿನಲ್ಲಿ ಕೂತು, ನಾನು ಹೇಳಿದಾಗ ಆಕ್ಸಿಲರೇಟರ್ ಒತ್ತುತ್ತಾ, ಪೇಪರನ್ನು ಓರೆಯಾಗಿ ಹಿಡಿದು ಓದುತ್ತಿದ್ದ. ಈ ಕಾರು ತಂದಾಗಿನಿಂದ ಗಂಡ ಹೆಂಡತಿ ನಡುವೆ ಇದೇ ಒಪ್ಪಂದ — ರಿಪೇರಿ ನನ್ನದು, ಓಡಿಸುವುದು ಅವನದು. ನನಗೆ ಡ್ರೈವಿಂಗ್ ಬರುವುದಿಲ್ಲ. ಹತ್ತೊಂಬತ್ತನೇ ವಯಸ್ಸಿನಲ್ಲಿ ಒಮ್ಮೆ ಟೆಸ್ಟಿಗೆ ಹೋಗಿ, ರಿವರ್ಸ್ ತೆಗೆಯುವಾಗ ಮಾಂಸದಂಗಡಿಯ ಕಿಟಕಿಗೆ... ಆ ವಿಷಯ ಬೇಡ. ಈಗ ಅರವತ್ತಾರು.

ಮಾರ್ಚ್ 11, ಸೋಮವಾರ

ಕಣ್ಣಿನ ಆಸ್ಪತ್ರೆ. ಕ್ಲೈವ್‌ನ ಎರಡೂ ಕಣ್ಣಿನ ನಡುಭಾಗ ಸವೆದಿದೆಯಂತೆ. ಅಂಚು ಕಾಣುತ್ತದೆ, ನಡುವೆ ಮಸಿ.

"ಹೆಂಡ್ತಿ ಕಡೆ ನೋಡಿದ್ರೆ ಕಿವಿಯೋಲೆ ಎರಡೂ ಕಾಣುತ್ತೆ ಡಾಕ್ಟ್ರೇ, ಮುಖ ಕಾಣಲ್ಲ. ಅಷ್ಟೇನೂ ನಷ್ಟ ಇಲ್ಲ" ಅಂದ. ಡಾಕ್ಟರಮ್ಮ ನಗಲಿಲ್ಲ.

"ಡ್ರೈವಿಂಗ್ ಇವತ್ತಿಂದ್ಲೇ ನಿಲ್ಲಿಸ್ಬೇಕು."

ಬಸ್ಸಿನಲ್ಲಿ ನಮ್ಮೂರು ಬ್ಯೂಡ್ಲಿಗೆ ವಾಪಸ್. ಸೇತುವೆ ದಾಟುವವರೆಗೂ ಅವನು ನನ್ನ ಕೈ ಹಿಡಿದುಕೊಂಡಿದ್ದ. ಬಿಡಲೇ ಇಲ್ಲ.

ಮಾರ್ಚ್ 12

ಸುದ್ದಿಗೆ ರೆಕ್ಕೆ. ಕ್ಲಬ್ಬಿನ ಡೆನ್ಜಿಲ್ ಬೆಳಿಗ್ಗೆಯೇ ಫೋನ್ ಮಾಡಿದ. ನಮ್ಮ ಕೆಂಪು ಕಾರಿನ ಮೇಲೆ ಅವನು ಕಣ್ಣು ಹಾಕಿ ಎಷ್ಟು ಕಾಲವಾಯಿತೋ. ಐದು ನಿಮಿಷ ಕಣ್ಣಿನ ಬಗ್ಗೆ ಮರುಗಿ ಆರನೇ ನಿಮಿಷಕ್ಕೆ, "ಕಾರೇನು ಮಾಡ್ತೀಯ ಕ್ಲೈವ್?"

ಕ್ಲೈವ್ ಅಂದ: "ತಗೊಂಡ್ಹೋಗು."

ಫೋನ್ ಇಟ್ಟಮೇಲೆ ಜಗಳ.

"ನನ್ನ ಕೇಳ್ದೆ ಹೆಂಗೆ ಕೊಟ್ಬಿಡ್ತೀಯ?"

"ಓಡದೇ ಇರೋ ಕಾರು ಇಟ್ಕೊಂಡು ಮ್ಯೂಸಿಯಂ ಮಾಡ್ತೀಯಾ? ಗ್ಯಾರೇಜಿಗೆ ಹೋದಾಗೆಲ್ಲ ಅದು ನನ್ ಮುಖ ನೋಡುತ್ತೆ ಕಣೆ. ನನ್ನಿಂದಾಗಲ್ಲ."

"ನಾನು ಓಡಿಸ್ತೀನಿ."

ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕ. ಚಹಾ ಮೇಜಿನ ಮೇಲೆಲ್ಲ. "ನೀನಾ? ರೌಂಡಬೌಟು ಬಂದ್ರೆ ಪಕ್ಕದ ಸೀಟಲ್ಲಿ ಕೂತ್ಕೊಂಡೇ ಕಣ್ ಮುಚ್ಕೊಳ್ಳೋ ನೀನಾ?"

"ಹೂಂ, ನಾನೇ. ಏನೀಗ?"

ಡೆನ್ಜಿಲ್‌ಗೆ ತಿರುಗಿ ಫೋನ್ ಮಾಡಿಸಿದೆ. ಜೂನ್ ಮೂವತ್ತರವರೆಗೆ ಗಡುವು. ಅಷ್ಟರೊಳಗೆ ನನಗೆ ಲೈಸೆನ್ಸು ಬಂದರೆ ಕಾರು ನಮ್ಮದೇ. ಬರದಿದ್ದರೆ ಅವನು ಟ್ರೇಲರ್ ತರುತ್ತಾನೆ. "ಓ, ಆಗ್ಲಿ ಆಗ್ಲಿ, ಲಾರ್ನಾ ಆರಾಮಾಗಿ ಕಲೀಲಿ" ಅಂದನಂತೆ. ಅವನ ಹಲ್ಲು ಫೋನಿನಲ್ಲೇ ಕಾಣಿಸಿತು.

ಏಪ್ರಿಲ್ 2, ಮಂಗಳವಾರ

ಮೊದಲ ಪಾಠ. ಟೀಚರ್ ಶಬ್ನಮ್, ಡಡ್ಲಿಯ ಹುಡುಗಿ, ಇಪ್ಪತ್ತೇಳು ವರ್ಷ. ಅವಳಿಗೆ ನಾನು ಆಂಟಿ. ಅವಳ ಪುಟ್ಟ ಬಿಳಿ ಕಾರಿನಲ್ಲಿ ಕಲಿಕೆ. ನಮ್ಮ ಸ್ಪಿಟ್‌ಫೈರಿನಲ್ಲಿ ಸೀಟಿಗೆ ತಲೆಯಾನಿಸುವ ದಿಂಬಿಲ್ಲ, ಹಾಗಾಗಿ ಟೆಸ್ಟಿಗೆ ನಡೆಯುವುದಿಲ್ಲ.

ಗೇರು, ಕ್ಲಚ್ಚು ಬೆಣ್ಣೆಯಂತೆ. ಗೇರ್‌ಬಾಕ್ಸನ್ನು ಮೂರು ಸಲ ಬಿಚ್ಚಿ ಕಟ್ಟಿದವಳಿಗೆ ಒಳಗೆ ಯಾವ ಹಲ್ಲು ಯಾವುದನ್ನು ಕಚ್ಚುತ್ತದೆ ಗೊತ್ತು. ಶಬ್ನಮ್ ಬಾಯಿ ಬಿಟ್ಟು ನೋಡಿದಳು.

ಆಮೇಲೆ ಬಾನೆಟ್ ಒಳಗೆ ಸಣ್ಣಗೆ ಕಿರ್ರ್... ಬೆಲ್ಟು. ಸಡಿಲವೋ, ಸವೆದದ್ದೋ? ಮೂರನೇ ಗೇರಿನಲ್ಲಿ ಜಾಸ್ತಿಯಾಗುತ್ತದೆಯೇ?

"ಆಂಟಿ, ಲಾರಿ! ಲಾರಿ!"

ಬ್ರೇಕು ಅವಳೇ ಒತ್ತಿದಳು.

"ನೀವು ಕಿವೀಲಿ ಓಡಿಸ್ತಾ ಇದೀರಾ ಆಂಟಿ. ಕಣ್ಣಲ್ಲಿ ಓಡ್ಸಿ."

ನಿಜ. ಮೂವತ್ತೊಂದು ವರ್ಷ ಕ್ಲೈವ್ ಪಕ್ಕ ಕೂತು ವೇಲ್ಸ್ ಸುತ್ತಿದ್ದೇನೆ, ಸ್ಕಾಟ್ಲೆಂಡ್ ಸುತ್ತಿದ್ದೇನೆ. ಸದ್ದು ಕೇಳಿದ್ದೇನೆ. ನೋಡಿದ್ದು ಒಂದೂ ನೆನಪಿಲ್ಲ.

ಏಪ್ರಿಲ್ 18

ಬರಹದ ಪರೀಕ್ಷೆ ಪಾಸ್. ಐವತ್ತಕ್ಕೆ ನಲವತ್ತೊಂಬತ್ತು! ತಪ್ಪಿದ್ದು ಕುದುರೆ ಸವಾರರ ಪ್ರಶ್ನೆ. ಕ್ಲೈವ್ ಪಬ್ಬಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದ. ಈಗ ನಗುತ್ತಿಲ್ಲ ಅವನು. ಆಸೆ ಹುಟ್ಟಿದೆ. ಅದೇ ನನಗೆ ಭಯ.

ಮೇ 9

ಇವತ್ತು ಊರಾಚೆಯ ದೊಡ್ಡ ರೌಂಡಬೌಟಿನ ಒಳಗೆ ಹೋದೆ, ಹೊರಗೂ ಬಂದೆ. ಕಣ್ಣು ತೆರೆದೇ! ಆದರೆ ಬೇರೆ ದಾರಿಯಲ್ಲಿ ಹೊರಬಿದ್ದು ಹಂದಿ ಫಾರಂ ತಲುಪಿದೆವು. ಶಬ್ನಮ್ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ನಾನೂ.

ಮನೆಗೆ ಬಂದರೆ ಡೆನ್ಜಿಲ್. ನಿಂಬೆ ಕೇಕ್ ತಂದಿದ್ದಾನೆ. ಕೇಕ್ ಕೊಟ್ಟು, ಜೇಬಿನಿಂದ ಟೇಪ್ ತೆಗೆದು ಕಾರಿನ ಅಗಲ ಅಳೆದ. ಅವನ ಗ್ಯಾರೇಜಿನ ಬಾಗಿಲಲ್ಲಿ ಹಿಡಿಯುತ್ತದೋ ಇಲ್ಲವೋ ನೋಡಬೇಕಂತೆ.

"ನಿನ್ ಹೊಟ್ಟೆ ಹಿಡಿಯುತ್ತಲ್ಲ ಆ ಬಾಗಿಲಲ್ಲಿ, ಕಾರೂ ಹಿಡಿಯುತ್ತೆ ಬಿಡು" ಅಂದೆ. ಕ್ಲೈವ್ ಕೆಮ್ಮಿದ. ಕೇಕ್ ಮಾತ್ರ ಚೆನ್ನಾಗಿತ್ತು.

ಮೇ 23, ಗುರುವಾರ. ಮಧ್ಯಾಹ್ನ

ಫೇಲ್.

ಸಂಜೆ 5

ಬರೆದೇ ಬಿಡುತ್ತೇನೆ. ಇಪ್ಪತ್ತೈದು ನಿಮಿಷ ಹೂವಿನಂತೆ ಓಡಿಸಿದೆ. ಎಕ್ಸಾಮಿನರ್ ಬೋಳುತಲೆಯ ತೆಳ್ಳನೆ ಮನುಷ್ಯ, ಟಿಕ್ ಹಾಕುತ್ತಿದ್ದಾನೆ. ಆಗ ಎಡ ಮುಂದಿನ ಚಕ್ರದಿಂದ ಗುರ್ರ್... ಬೇರಿಂಗು. ಬೇರಿಂಗು ಅಂದರೆ ಬೇರಿಂಗೇ, ಅದರಲ್ಲಿ ಎರಡು ಮಾತಿಲ್ಲ. ಹಾಗೇ ಬಿಟ್ಟರೆ ಒಂದು ದಿನ ಚಕ್ರವೇ ಕೈಕೊಡುತ್ತದೆ. ಕೈಗಳು ತಾವಾಗಿ ಸಿಗ್ನಲ್ ಹಾಕಿದವು. ಗಾಡಿ ನಿಲ್ಲಿಸಬಾರದ ಹಳದಿ ಜೋಡಿಗೆರೆಯ ಮೇಲೆ ಕಾರು ನಿಲ್ಲಿಸಿ, ಇಳಿದು, ಸುತ್ತಿಬಂದು, ಚಕ್ರದ ನಡುವಿಗೆ ಅಂಗೈ ಇಟ್ಟೆ. ಕೆಂಡ!

ಎಕ್ಸಾಮಿನರ್ ಕಿಟಕಿ ಇಳಿಸಿದ.

"ಮೇಡಂ, ಏನ್ ಮಾಡ್ತಾ ಇದೀರಿ?"

"ಬೇರಿಂಗ್ ಹೋಗಿದೆ. ಬಂದು ಮುಟ್ಟಿ ನೋಡಿ."

ಪುಣ್ಯಾತ್ಮ, ಇಳಿದು ಬಂದು ಮುಟ್ಟಿಯೂ ನೋಡಿದ. ಬೆರಳು ಚುರುಕ್ ಎಂದಿತು. "ನೀವು ಹೇಳಿದ್ದು ಸರಿ ಮೇಡಂ. ಆದ್ರೆ ಫೇಲು."

ಶಬ್ನಮ್ ತಲೆಯ ಮೇಲೆ ಕೈ ಹೊತ್ತಳು. ತನ್ನ ಕಾರಿಗಾಗಿ ಅಲ್ಲ, ನನಗಾಗಿ. ಮನೆಯಲ್ಲಿ ಕ್ಲೈವ್ ಬಾಗಿಲಲ್ಲೇ ನಿಂತಿದ್ದ. ನನ್ನ ಮುಖ ಅವನಿಗೆ ಕಾಣುವುದಿಲ್ಲ. ಹೆಜ್ಜೆ ಸದ್ದಿನಲ್ಲೇ ತಿಳಿದುಕೊಂಡ. "ಬಾ, ಚಹಾ ಮಾಡಿದೀನಿ" ಅಂದ. ನಾನು ಅತ್ತುಬಿಟ್ಟೆ.

ಮೇ 25

ಎರಡು ದಿನ ಗ್ಯಾರೇಜಿಗೆ ಹೋಗಲಿಲ್ಲ. ಇವತ್ತು ತಿಂಡಿ ಹೊತ್ತಿಗೆ ಕ್ಲೈವ್ ಮೇಜು ಗುದ್ದಿದ.

"ನಿಂಗೆ ಡ್ರೈವಿಂಗ್ ಬರುತ್ತೆ. ಕೇಳೋದನ್ನ ಬಿಡೋಕೆ ಬರಲ್ಲ. ಅಷ್ಟೇ ತಾನೇ?"

"ಅಷ್ಟೇ. ಏನ್ ಮಾಡ್ಲಿ, ಕಿವಿ ಕಿತ್ತಿಡ್ಲಾ?"

"ನಂಗೆ ಕೊಡು. ಕೇಳೋ ಕೆಲ್ಸ ನಂದು. ಇನ್ಮೇಲೆ ನಾನು ಹಿಂದಿನ ಸೀಟಲ್ಲಿ ಕೂತ್ಕೋತೀನಿ. ಏನ್ ಸದ್ದು ಬಂದ್ರೂ ನಾನ್ ನೋಡ್ಕೋತೀನಿ."

"ನಿಂಗೆ ಏನ್ ಗೊತ್ತಾಗುತ್ತೆ ಮಾರಾಯ? ಎಂಜಿನ್ ನಿಂತಿದ್ದೂ ನಿಂಗೆ ನಾನೇ ಹೇಳ್ಬೇಕು."

"ಕಲಿಸು ಮತ್ತೆ!"

ಜೂನ್ 27ಕ್ಕೆ ಯಾರೋ ಬಿಟ್ಟ ಟೆಸ್ಟಿನ ಜಾಗ ಸಿಕ್ಕಿತು. ಗಡುವಿಗೆ ಮೂರು ದಿನ ಮುಂಚೆ. ಅದೇ ಕೊನೆ ಅವಕಾಶ.

ಜೂನ್ 8

ಗ್ಯಾರೇಜಿನಲ್ಲಿ ಕ್ಲೈವ್‌ಗೆ ಪಾಠ. ಸ್ಪಿಟ್‌ಫೈರ್ ಸ್ಟಾರ್ಟ್ ಮಾಡಿ, ಬೇಕೆಂದೇ ಒಂದೊಂದನ್ನು ಕೆಡಿಸುತ್ತೇನೆ. ಪ್ಲಗ್ಗಿನ ವೈರ್ ಕೀಳುವುದು, ವಾಲ್ವಿನ ಸಂದು ಜಾಸ್ತಿ ಮಾಡುವುದು. ಅವನು ಕಣ್ಣು ಮುಚ್ಚಿ ಕೇಳಬೇಕು.

"ವಾಟರ್ ಪಂಪು!"

"ನಿನ್ ತಲೆ."

"ಎಕ್ಸಾಸ್ಟು!"

"ಅದು ಪಕ್ಕದ ಮನೆಯವರ ಹುಲ್ಲು ಕತ್ತರಿಸೋ ಮಿಷನ್ನು ಕಣೋ."

ಮೊದಲ ವಾರ ಹೀಗೆ. ಇವತ್ತು ಹತ್ತಕ್ಕೆ ಎಂಟು. ಎರಡನೇ ಸಿಲಿಂಡರ್ ಉರಿಯುತ್ತಿಲ್ಲ ಎಂದು ತಟ್ಟನೆ ಹೇಳಿದ. ನನಗೆ ಮೈ ಜುಮ್ಮೆಂದಿತು. ತಿರುಪು ಗುರುತಿಸುವುದೂ ಬೆರಳಿನಲ್ಲೇ ಕಲಿಯುತ್ತಿದ್ದಾನೆ. ಉಗುರಿನಲ್ಲಿ ಎಣ್ಣೆ ಮಸಿ, ಮೊದಲ ಸಲ. ಊಟದ ಮೇಜಿನಲ್ಲಿ ಅದನ್ನೇ ಹಿಡಿದು ತೋರಿಸುತ್ತಾನೆ.

ಶಬ್ನಮ್ ಕಾರಿನ ಹಿಂದಿನ ಸೀಟಿನಲ್ಲಿ ಅವನ ಮಂಡಿ ಗಲ್ಲಕ್ಕೆ ತಾಗುತ್ತದೆ. ಏನಾದರೂ ಕಿರ್ ಎಂದರೆ, "ಕೇಳಿಸ್ತು, ನಂಗೆ ಬಿಡು" ಎನ್ನುತ್ತಾನೆ. ನಾನು ಬಿಡುತ್ತೇನೆ. ಬಿಟ್ಟ ತಕ್ಷಣ ರಸ್ತೆ ಕಾಣುತ್ತದೆ!

ಜೂನ್ 27, ಗುರುವಾರ. ಮಧ್ಯಾಹ್ನ 3

ಅದೇ ಬೋಳುತಲೆ. ನನ್ನನ್ನು ನೋಡಿ ಅವನ ಮುಖವೇ ಇಳಿಯಿತು.

ಹಿಂದೆ ಒಬ್ಬರು ಕೂರಬಹುದು, ಆದರೆ ತುಟಿ ಎರಡು ಮಾಡುವಂತಿಲ್ಲ. ಕ್ಲೈವ್ ಕೂತ. ಅರ್ಧ ದಾರಿ ಸುಸೂತ್ರ. ಗುಡ್ಡ ಹತ್ತುವಾಗ ಶುರುವಾಯಿತು — ಟಕ ಟಕ ಟಕ. ಎಲ್ಲಿಂದ? ಬಾಗಿಲಾ, ಕೆಳಗಾ? ಎಡಗಾಲು ತಾನಾಗಿ ಕ್ಲಚ್ಚಿನ ಕಡೆ. ಹೋಯಿತು ಕಾರು, ಡೆನ್ಜಿಲ್ ಪಾಲಾಯಿತು ಅಂದುಕೊಂಡೆ.

ಕನ್ನಡಿ ನೋಡಿದೆ. ಹಿಂದಿನ ರಸ್ತೆ, ಅದರ ಮುಂದೆ ಕ್ಲೈವ್. ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ಇಡೀ ಮುಖವನ್ನೇ ಕಿವಿ ಮಾಡಿಕೊಂಡು ಕೂತಿದ್ದಾನೆ. ಕೇಳುತ್ತಿದ್ದಾನೆ ನನ್ನ ಗಂಡ. ನಾನು ಕೇಳಬೇಕಿಲ್ಲ. ಕಾಲು ತೆಗೆದೆ. ಮುಂದೆ ಶಾಲೆಯ ಬೋರ್ಡು, ಎಡಕ್ಕೆ ಸೈಕಲ್, ಹಸಿರು ದೀಪ. ಎಲ್ಲ ಕಂಡವು.

ಪಾಸ್! ಒಂಬತ್ತು ಸಣ್ಣ ತಪ್ಪು, ದೊಡ್ಡದು ಒಂದೂ ಇಲ್ಲ. ಶಬ್ನಮ್ ಪಾರ್ಕಿಂಗಿನಲ್ಲಿ ಕುಣಿದಳು. ನಾನು ಕ್ಲೈವ್‌ನನ್ನು ಎಲ್ಲರೆದುರು ಮುದ್ದಿಟ್ಟೆ, ಬೋಳುತಲೆಗೂ ಇಡುತ್ತಿದ್ದೆ, ಅವನು ತಪ್ಪಿಸಿಕೊಂಡ.

"ಸದ್ದು ಏನದು?" ಅಂದೆ.

"ಆ ಎಕ್ಸಾಮಿನರ್ ಜೇಬಲ್ಲಿ ಪೆಪ್ಪರ್‌ಮಿಂಟ್ ಡಬ್ಬಿ" ಅಂದ ಕ್ಲೈವ್. "ಎರಡೋ ಮೂರೋ ಉಳಿದಿದಾವೆ."

ಜೂನ್ 30, ಭಾನುವಾರ

ಡೆನ್ಜಿಲ್ ಟ್ರೇಲರ್ ಸಮೇತ ಬಂದ. ಫೋನ್ ಮಾಡಿ ಹೇಳಲು ಮರೆತಿದ್ದೆವು. (ಮರೆತಿರಲಿಲ್ಲ.) ಲೈಸೆನ್ಸು ಅವನ ಮೂಗಿನ ಕೆಳಗೆ ಹಿಡಿದೆ. ಪಾಪ, ಪೆಚ್ಚಾದ. ಆಮೇಲೆ ಅವನೇ ನಕ್ಕು ಕೈಕುಲುಕಿದ. ಕೆಟ್ಟವನಲ್ಲ. ತಿರುಗುಕೀಲಿಗೆ ಏನು ಹಾಕುತ್ತೀಯ ಎಂದು ಕೇಳಿದೆ. ಗ್ರೀಸ್ ಅಂದ. ಇವನ ಕೈಗೆ ಹೋಗಿಬಿಡುತ್ತಿತ್ತಲ್ಲ ನನ್ನ ಕಾರು!

ಜುಲೈ 7, ಭಾನುವಾರ. ಕ್ಲೀ ಹಿಲ್, ಬೆಳಿಗ್ಗೆ 11.40

ರಸ್ತೆ ಬದಿ ಕಾರಿನಲ್ಲೇ ಕೂತು ಬರೆಯುತ್ತಿದ್ದೇನೆ. ಸ್ಪಿಟ್‌ಫೈರ್, ಮೇಲಿನ ಬಟ್ಟೆ ಹೊದಿಕೆ ಮಡಚಿ, ನಾನು ಡ್ರೈವರ್ ಸೀಟಿನಲ್ಲಿ! ಬ್ಯೂಡ್ಲಿಯಿಂದ ಇಲ್ಲಿವರೆಗೆ ಒಂದೇ ಉಸಿರು. ಏರಿನಲ್ಲಿ ಒಂದನೇ ಗೇರಿಗೆ ಎರಡು ಸಲ ಕ್ಲಚ್ ತುಳಿದು ಹಾಕಿದೆ, ಗೇರಿನ ಹಲ್ಲು ಕರಕರ ಎನ್ನಲಿಲ್ಲ. ಕೂಗಿದೆ. ನಿಜವಾಗಿ ಬಾಯಿ ಬಿಟ್ಟು ಕೂಗಿದೆ, ಕುರಿಗಳು ಓಡಿದವು.

ತುದಿಗೆ ಬಂದಾಗ ಕ್ಲೈವ್, "ನಿಲ್ಸು. ಏನೋ ಸದ್ದು."

"ಏನೂ ಇಲ್ಲ. ನಂಗೇನೂ ಕೇಳಿಸ್ಲಿಲ್ಲ."

"ಅದೇ. ನಿಂಗೆ ಕೇಳಿಸ್ಲಿಲ್ಲ. ನಿಲ್ಸು ಅಂದೆ."

ಇಳಿದು, ಬಾನೆಟ್ ಮಗುಚಿ, ತಡವಿ ತಡವಿ ಹುಡುಕಿದ. ಏರ್ ಫಿಲ್ಟರಿನ ಬೋಲ್ಟು ಸಡಿಲ. ನಾನೇ! ನಿನ್ನೆ ಸಂಭ್ರಮದಲ್ಲಿ ಬಿಗಿ ಮಾಡಲು ಮರೆತಿದ್ದೇನೆ. ಮೂವತ್ತೊಂದು ವರ್ಷದಲ್ಲಿ ನನ್ನದೊಂದು ತಪ್ಪು ಸಿಕ್ಕಿದೆ ಅವನಿಗೆ. ರಾಜ್ಯ ಗೆದ್ದವನ ಹಾಗೆ ಬಾನೆಟ್ ಹಿಂದಿನಿಂದ ಕೂಗುತ್ತಿದ್ದಾನೆ, "ಯಾರ್ ಕಂಡುಹಿಡಿದಿದ್ದು? ಯಾರು?" ಸಹಾಯಕ್ಕೆ ಇಳಿಯಹೋದರೆ ಸ್ಪ್ಯಾನರ್ ತೋರಿಸಿ ಗದರಿಸಿದ. "ನೀನ್ ಅಲ್ಲೇ ಕೂತಿರು ಡ್ರೈವರಮ್ಮ. ನಿಂದು ನೋಡೋ ಕೆಲ್ಸ."

ಕೂತಿದ್ದೇನೆ. ಮಾಡಲು ಕೆಲಸವಿಲ್ಲ. ನೋಡುತ್ತಿದ್ದೇನೆ. ಈ ಗುಡ್ಡಕ್ಕೆ ಎಷ್ಟು ಸಲ ಬಂದಿಲ್ಲ ನಾನು! ಕೆಳಗೆ ಹೊಲದ ಮೇಲೆ ಹೊಲ, ನಡುವೆ ಒಂದು ಚರ್ಚಿನ ಗೋಪುರ, ಆಚೆ ವೇಲ್ಸಿನ ಬೆಟ್ಟಗಳು ನೀಲಿ. ಮೋಡದ ನೆರಳು ಗೋಧಿಯ ಮೇಲೆ ನಡೆದು ಹೋಗುತ್ತಿದೆ. ಇದೆಲ್ಲ ಇಲ್ಲೇ ಇತ್ತು. ಮನೆಗೆ ಹೋಗಿ ಇವನಿಗೆ ಒಂದೊಂದೇ ಹೇಳಬೇಕು, ಒಂದೂ ಬಿಡದೆ —

"ಆಯ್ತು! ಸ್ಟಾರ್ಟ್ ಮಾಡು!"

ತಾಳು ಮಾರಾಯ, ಇನ್ನೂ ಎಡಗಡೆ ನೋಡಿಲ್ಲ, ಅಲ್ಲಿ ಒಂದು