ಸಂಡಿಗೆ ತಿನ್ನದೆ ಹೋದ ಸಾಹೇಬರಿಗೆ

ಈ ಊರಿನ ಗಾಳಿಯನ್ನು ಕಾಯುವುದಕ್ಕೆಂದೇ ಸಂಬಳ ಪಡೆಯುವ ಮಾನ್ಯರೇ,

ನನ್ನ ಅತ್ತೆ ಕಾಶವ್ವನವರಿಗೆ ಉಸಿರಾಡಲು ಆಗುತ್ತಿಲ್ಲ. ಯೆರವಡಾದ ನಮ್ಮ ಗಲ್ಲಿಯ ಹಿಂದೆ ಕಾಂಕ್ರೀಟ್ ಕಲಸುವ ಘಟಕವೊಂದು ಹಗಲಿಡೀ ತಿರುಗುತ್ತದೆ, ಅದರ ಧೂಳು ಅವರ ಎದೆಯಲ್ಲಿ ಮನೆ ಮಾಡಿದೆ. ನೀವು ಬಂದಿರಿ, ನೋಡಿದಿರಿ, ಧೂಳು ಮಿತಿಯೊಳಗಿದೆ ಎಂದು ವರದಿ ಬರೆದಿರಿ. ಹೋಗುವಾಗ ನಾವು ಸ್ನಾನದ ನೀರು ಕಾಯಿಸುವ ತಾಮ್ರದ ಬಂಬವನ್ನು ಟೆಂಪೋಗೆ ಹಾಕಿಸಿಕೊಂಡು ಹೋದಿರಿ. ಆ ವರದಿಯನ್ನೇ ಹಿಡಿದು ಮುಂದಿನ ತಿಂಗಳು ಘಟಕದ ಪರವಾನಗಿಯನ್ನು ಮತ್ತೆ ಕೆಲವು ವರ್ಷಕ್ಕೆ ಮುಂದುವರಿಸುತ್ತೀರಂತೆ. ನನ್ನ ತಕರಾರು ಇಷ್ಟೇ. ಉಳಿದದ್ದೆಲ್ಲ ಸಿಟ್ಟು.

ಪುಣೆಯಲ್ಲಿದ್ದುಕೊಂಡು ಕನ್ನಡದಲ್ಲಿ ಯಾಕೆ ಬರೆಯುತ್ತೀ ಎಂದು ಕೇಳಬಹುದು. ಮರಾಠಿಯಲ್ಲಿ ಬರೆದು ನೋಡಿದೆ. ಹಿಂದಿಯಲ್ಲೂ ಬರೆದೆ. ನನ್ನ ಗಂಡ ಮಾಂತು ರಾಂಜಣಗಾಂವದ ತಮ್ಮ ಕಾರ್ಖಾನೆಯ ಮ್ಯಾನೇಜರನ ಕೈಕಾಲು ಹಿಡಿದು ಒಂದು ಇಂಗ್ಲಿಷ್ ಅರ್ಜಿಯನ್ನೂ ಬರೆಸಿಕೊಂಡು ಬಂದರು, ಅದರಲ್ಲಿ ದೂರಿಗಿಂತ ನಮಸ್ಕಾರಗಳೇ ಹೆಚ್ಚಿದ್ದವು. ಒಂದಕ್ಕೂ ಉತ್ತರವಿಲ್ಲ. ಹೇಗಿದ್ದರೂ ನೀವು ಓದುವುದಿಲ್ಲವೆಂದ ಮೇಲೆ, ನನಗೆ ಚೆನ್ನಾಗಿ ಬೈಯಲು ಬರುವ ಭಾಷೆಯಲ್ಲೇ ಬರೆಯುವುದು ಒಳ್ಳೆಯದಲ್ಲವೇ? ನಮ್ಮ ಕನ್ನಡ ಸಂಘದ ಪತ್ರಿಕೆಯವರು ಅಚ್ಚು ಹಾಕುತ್ತೇವೆ ಎಂದಿದ್ದಾರೆ. ನಿಮ್ಮ ಕಚೇರಿಯಲ್ಲಿ ಕನ್ನಡ ಬಲ್ಲ ಗುಮಾಸ್ತರು ಒಬ್ಬರಾದರೂ ಇದ್ದೇ ಇರುತ್ತಾರೆ, ಅವರಿಂದ ಓದಿಸಿಕೊಳ್ಳಿ. ಪಾಪ, ಅವರು ಸ್ವಲ್ಪ ಮೆತ್ತಗೆ ಮಾಡಿ ಹೇಳಿದರೆ ನನ್ನ ಅಭ್ಯಂತರವಿಲ್ಲ.

ಮೊದಲು ನಮ್ಮ ಮಾಳಿಗೆಯ ವಿಷಯ ಹೇಳಬೇಕು. ಅತ್ತೆ ಬಾಗಲಕೋಟೆ ಕಡೆಯಿಂದ ಮದುವೆಯಾಗಿ ಈ ಗಲ್ಲಿಗೆ ಬಂದವರು. ಶಿವರಾತ್ರಿ ಮುಗಿಯಿತೆಂದರೆ ಮೊದಲ ಮಳೆ ಬೀಳುವ ತನಕ ನಮ್ಮ ಮಾಳಿಗೆಯ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಹಳೆಯ ಧೋತರ ಹಾಸಿ ಅದರ ತುಂಬ ಅಕ್ಕಿ ಸಂಡಿಗೆ, ಸಾಬೂದಾಣಿ ಸಂಡಿಗೆ. ಹಿಟ್ಟು ಕುದಿಸುವವಳು ನಾನು, ಇಡುವವಳು ನಾನು, ಕಾಯುವವರು ಅತ್ತೆ. ತಲೆಯ ಮೇಲೊಂದು ಛತ್ರಿ, ಕೈಯಲ್ಲಿ ಅರಿವೆ ಕಟ್ಟಿದ ಕೋಲು, ಬೆಳಗಿನಿಂದ ಸಂಜೆಯ ತನಕ ಕಾಗೆಗಳ ಜೊತೆ ಜಗಳ. “ಬಂದ್ಯಾ ಭಾಡ್ಯಾ? ನಿನ್ನಿ ತಿಂದದ್ದು ಸಾಲಲಿಲ್ಲೇನು?” ಎಂದು ಅವರು ಕೂಗುವುದು ಗಲ್ಲಿಯ ತುದಿಯ ತನಕ ಕೇಳುತ್ತಿತ್ತು. ಆಗ ಅವರ ಎದೆಯಲ್ಲಿ ಅಷ್ಟು ಗಾಳಿ ಇತ್ತು ಸ್ವಾಮಿ.

ಹಿಂದಿನ ಖಾಲಿ ಮೈದಾನಕ್ಕೆ ಘಟಕ ಬಂತು. ಅತ್ತ ಕಡೆ ಗಾಜಿನ ಎತ್ತರದ ಕಟ್ಟಡಗಳು ಏಳುತ್ತಿವೆಯಲ್ಲ, ಅವುಗಳ ಹೊಟ್ಟೆಗೆ ಕಾಂಕ್ರೀಟ್ ಬೇಕು. ಲಾರಿಗಳು ತಿರುಗಲೆಂದು ದಾರಿಯ ಗುಲಮೊಹರ್ ಮರಗಳನ್ನೆಲ್ಲ ಕಡಿದರು. ಸಿಮೆಂಟು, ಮರಳು, ಜಲ್ಲಿ ಹೇರಿಕೊಂಡು ತಾಡಪತ್ರಿಯೂ ಹೊದಿಸದೆ ಲಾರಿಗಳು ಬರುತ್ತವೆ, ಹೋಗುತ್ತವೆ, ಡೀಸೆಲ್ ಹೊಗೆಯನ್ನು ನಮ್ಮ ಅಡುಗೆಮನೆಯ ಕಿಟಕಿಗೆ ಬಿಟ್ಟು ನಿಲ್ಲುತ್ತವೆ. ಬೆಳಿಗ್ಗೆ ಒರೆಸಿದ ಕಟ್ಟೆಯ ಮೇಲೆ ಮಧ್ಯಾಹ್ನ ಬೆರಳಿನಿಂದ ನಿಮ್ಮ ಹೆಸರು ಬರೆಯಬಹುದು. ನಿಮ್ಮ ಹೆಸರು ನನಗೆ ಗೊತ್ತಿಲ್ಲ, ಹಾಗಾಗಿ ಬರೆದಿಲ್ಲ.

ಧೂಳನ್ನು ಮೊದಲು ಹಿಡಿದದ್ದು ನಿಮ್ಮ ಯಂತ್ರವಲ್ಲ, ಒಬ್ಬ ಗಿರಾಕಿಯ ಹಲ್ಲು. ಇಲ್ಲಿಯ ಕ್ಯಾಂಪ್ ಬಡಾವಣೆಯಲ್ಲಿ ಊಟದ ಹೋಟೆಲ್ ಇಟ್ಟಿರುವ ಮಂಗಳೂರು ಕಡೆಯ ಕಾಂತಪ್ಪನವರು ಪ್ರತಿ ವರ್ಷ ನಮ್ಮಿಂದಲೇ ಸಂಡಿಗೆ ಒಯ್ಯುವವರು. ಒಂದು ದಿನ ಚೀಲವನ್ನು ತಾವೇ ಹೊತ್ತು ತಂದು ವಾಪಸು ಇಟ್ಟರು. “ಬೇಜಾರು ಮಾಡ್ಬೇಡಿ ತ್ರಿವೇಣಿಯಕ್ಕ. ನಾನೇ ತಿಂದು ನೋಡಿದೆ ಮಾರಾಯ್ರೆ, ಬಾಯಲ್ಲಿ ಕಿರುಕಿರು ಅಂತದೆ. ಎಂತ ಹೇಳುದು ಗಿರಾಕಿಗೆ?” ಎಂದರು. ಹೇಳುವಾಗ ಅವರ ಮುಖವೇ ಸಣ್ಣದಾಗಿತ್ತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆ ವರ್ಷದ ಚಳಿಗಾಲದಲ್ಲಿ ಅತ್ತೆಗೆ ಕೆಮ್ಮು ಹಿಡಿಯಿತು, ಹಿಡಿದದ್ದು ಬಿಡಲಿಲ್ಲ. ಎರಡು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲಬೇಕು. ಡಾಕ್ಟರು ಮೊದಲು ಕೇಳಿದ್ದು, ಆಜಿ ಬೀಡಿ ಸೇದುತ್ತಾರೆಯೇ ಎಂದು. ಅತ್ತೆ ನನ್ನ ಕಡೆ ತಿರುಗಿ, “ಸೇದಿದ್ರ ಚೊಲೋ ಆಗ್ತಿತ್ತು ನೋಡವಾ, ಸುಖಾ ಆದ್ರೂ ಸಿಗ್ತಿತ್ತು” ಎಂದರು. ನಕ್ಕೆವು, ಏನು ಮಾಡುವುದು? ಧೂಳಿಲ್ಲದ ಕಡೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದರು. ಎಲ್ಲಿಗೆ? ಊರಿಗೆ ಹೋಗುತ್ತೀರಾ ಎಂದು ಮಾಂತು ಕೇಳಿದರೆ, “ಅಲ್ಲಿ ಯಾರದಾರೋ ನನಗ? ನನ್ನ ಮಂದಿ ಎಲ್ಲಾ ಈ ಗಲ್ಲ್ಯಾಗ ಅದ” ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಒಂದು ಘಟಕ ಇಲ್ಲಿಂದ ಎದ್ದು ಹೋಗಲಾರದು, ಆದರೆ ಮುದುಕಿ ಎದ್ದು ಹೋಗಬಹುದು ಎನ್ನುವುದು ಯಾವ ಊರಿನ ನ್ಯಾಯ?

ಅರ್ಜಿಗಳಿಂದ ಆಗದೆ ನಾನೇ ನಿಮ್ಮ ಕಚೇರಿಗೆ ಬಂದು ಕೂತೆ. ನೀವು ನನ್ನನ್ನು ‘ತಾಯೀ’ ಎಂದು ಗೌರವದಿಂದ ಕರೆದು, ಇದೆಲ್ಲ ಹವಾಮಾನ ಬದಲಾವಣೆ, ಇಡೀ ಜಗತ್ತಿನ ಸಮಸ್ಯೆ, ಚಳಿಗಾಲದಲ್ಲಿ ಗಾಳಿ ಮೇಲೇಳದೆ ಕೆಳಗೇ ನಿಲ್ಲುತ್ತದೆ, ನಾವೇನು ಮಾಡೋಣ ಎಂದಿರಿ. ನಿಮ್ಮ ಕುರ್ಚಿಯ ಪಕ್ಕ ಗಾಳಿ ಶುದ್ಧ ಮಾಡುವ ಬಿಳಿಯ ಯಂತ್ರವೊಂದು ಗುಂಯ್ ಎನ್ನುತ್ತಿತ್ತು. ಜಗತ್ತಿನ ಸಮಸ್ಯೆ ನಿಮ್ಮ ಕುರ್ಚಿಯ ತನಕ ಬಂದಿರುವುದು ನಿಮಗೂ ಗೊತ್ತು ಎಂದಾಯಿತು.

ಹವಾಮಾನ ಬದಲಾಗಿಲ್ಲ ಎಂದು ನಾನು ಹೇಳಿದೆನೇ? ಬಿಸಿಲನ್ನು ನಂಬಿ ಬದುಕುವವಳು ನಾನು. ವೈಶಾಖದಲ್ಲೇ ಮಳೆ ಸುರಿದು ಹಾಸಿದ್ದೆಲ್ಲ ಮತ್ತೆ ಗಂಜಿಯಾದದ್ದನ್ನು ಕಂಡಿದ್ದೇನೆ. ಇನ್ನೊಂದು ವರ್ಷ ಬಿಸಿಲು ಎಷ್ಟು ಕಾದಿತ್ತೆಂದರೆ ಸಂಡಿಗೆ ಮಧ್ಯಾಹ್ನಕ್ಕೇ ಬಿರಿದು ಚೂರಾಯಿತು. ಆದರೆ ಈ ಜಗತ್ತು ಅನ್ನುವುದು ಎಲ್ಲಿದೆ ಸ್ವಾಮಿ? ಆ ಲಾರಿಗಳ ಡೀಸೆಲ್ಲು, ಎಲ್ಲೋ ಕಲ್ಲಿದ್ದಲು ಉರಿಸಿ ಸುಟ್ಟ ಸಿಮೆಂಟು, ಕಡಿದ ಗುಲಮೊಹರ್, ಗಾಜಿನ ಕಟ್ಟಡಗಳು ಒಳಗೆ ತಂಪಾಗಿದ್ದು ನಮ್ಮ ಗಲ್ಲಿಗೆ ಉಗುಳುವ ಬಿಸಿಗಾಳಿ, ಇವೆಲ್ಲ ಸೇರಿಯೇ ಅಲ್ಲವೇ ಆ ಜಗತ್ತು ಬಿಸಿಯಾಗುತ್ತಿರುವುದು? ದೊಡ್ಡವರು ಎಬ್ಬಿಸಿದ ಧೂಳಾದರೆ ಜಗತ್ತಿನದು, ಬಡವರ ಒಲೆಯ ಹೊಗೆಯಾದರೆ ಮಾತ್ರ ಮನೆ ನಂಬರಿನ ಸಮೇತ ಸಿಗುತ್ತದೆ. ಇನ್ನು ಗಾಳಿ ಅಳೆಯುವ ನಿಮ್ಮ ಯಂತ್ರ. ಅದನ್ನು ಇಟ್ಟಿರುವುದು ದೂರದ ಉದ್ಯಾನದಲ್ಲಿ, ಹುಲ್ಲಿಗೆ ನೀರು ಬಿಡುವ ಜಾಗದಲ್ಲಿ. ಜ್ವರ ಬಂದವನನ್ನು ಬಿಟ್ಟು ಪಕ್ಕದ ಮನೆಯವನ ಕಂಕುಳಿಗೆ ಥರ್ಮಾಮೀಟರ್ ಇಟ್ಟ ಹಾಗೆ. ಆ ಯಂತ್ರದ ಫಲಕದ ಮೇಲೆ ‘ಸಮಾಧಾನಕರ’ ಎಂದು ಬರುತ್ತದೆ. ಯಾರಿಗೆ?

ಕಡೆಗೂ ತಪಾಸಣೆಗೆ ನೀವೇ ಬಂದಿರಿ. ಅಹಾ, ಏನು ದಿನ! ಹಿಂದಿನ ಸಂಜೆಯೇ ಟ್ಯಾಂಕರಿನಿಂದ ಮೈದಾನಕ್ಕೆಲ್ಲ ನೀರು ಹೊಡೆಸಿದ್ದರು. ಘಟಕಕ್ಕೆ ಅಂದೇ ದುರಸ್ತಿಯ ಕೆಲಸ ಬಂದು ಬಂದ್ ಆಗಿತ್ತು. ಒಂದು ಲಾರಿಯ ಸುಳಿವಿಲ್ಲ. ಮೇಲಿನಿಂದ ನೋಡಬೇಕೆಂದು ನಮ್ಮ ಮಾಳಿಗೆ ಹತ್ತಿದಿರಿ. ಮೂಲೆಯಲ್ಲಿ ಅತ್ತೆಯ ಸ್ನಾನಕ್ಕೆ ಬಂಬ ಹೊಗೆಯಾಡುತ್ತಿತ್ತು. ನಿಮ್ಮ ಜೊತೆಗಿದ್ದವರು ನಾಲ್ಕೂ ಕಡೆಯಿಂದ ಅದರ ಫೋಟೋ ತೆಗೆದರು, ಕೊಲೆಯ ಆಯುಧ ಸಿಕ್ಕವರ ಹಾಗೆ. ಹೊಗೆ ಹೊಗೆಯೇ, ನಮ್ಮದಾದರೂ ಸರಿ, ಒಪ್ಪಿದೆ. ಒಯ್ದಿರಿ, ಬಿಡಿ.

ಆದರೆ ನಡುವೆ ಇನ್ನೊಂದು ನಡೆಯಿತು. ನಿಮಗೆ ಮರೆತಿರಬಹುದು, ನಮ್ಮ ಮನೆಯಲ್ಲಿ ಯಾರೂ ಮರೆತಿಲ್ಲ. ಮನೆಗೆ ಬಂದವರನ್ನು ಬಾಯಿಗೆ ಏನೂ ಹಾಕದೆ ಕಳಿಸುವುದು ಅತ್ತೆಗೆ ಗೊತ್ತಿಲ್ಲ. ಆ ಸಲ ಹಾಸಿದ್ದರಲ್ಲಿ ಒಣಗಿದ ನಾಲ್ಕನ್ನು ನನ್ನಿಂದ ಕರಿಸಿ, ತಾಟಿನಲ್ಲಿಟ್ಟು, ಏದುಸಿರು ಬಿಡುತ್ತ ತಾವೇ ಮೇಲೆ ತಂದರು. “ಘ್ಯಾ ಸಾಹೇಬ” ಎಂದು ತಾಟು ಮುಂದೆ ಹಿಡಿದರು. ನೀವು ಕೈಯನ್ನು ಹಿಂದಕ್ಕೆ ಎಳೆದುಕೊಂಡಿರಿ. “ನಕೋ ಆಜೀ” ಎಂದು ಮರಾಠಿಯಲ್ಲಿ ನೀವು ಹೇಳಿದ್ದನ್ನು ಒಂದಕ್ಷರ ಬಿಡದೆ ಕನ್ನಡಕ್ಕೆ ಇಳಿಸುತ್ತೇನೆ: ‘ಬೇಡ ಅಜ್ಜಿ, ಇಲ್ಲಿ ಬಯಲಲ್ಲಿ ಒಣಗಿಸಿದ್ದನ್ನು ಹೇಗೆ ತಿನ್ನುವುದು, ಎಷ್ಟು ಧೂಳಿದೆ ನೋಡಿ.’

ಹೀಗೆ ಹೇಳಿ ಕೆಳಗಿಳಿದು ಹೋಗಿ, ಧೂಳು ಮಿತಿಯೊಳಗಿದೆ ಎಂದು ಬರೆದಿರಿ.

ಆ ಮಧ್ಯಾಹ್ನ ಅತ್ತೆ ಒಂದೊಂದೇ ಧೋತರ ಮಡಿಸಿ, ಅಷ್ಟೂ ಸಂಡಿಗೆಯನ್ನು ಮೋರಿಗೆ ಸುರಿದರು. ನಾನು ತಡೆಯಲು ಹೋದರೆ, “ಸಾಹೇಬ್ರು ಖರೇನ ಹೇಳ್ಯಾರ. ಇಷ್ಟು ದಿನ ಮಂದಿಗೆ ಮಣ್ಣು ತಿನಿಸಿದೆವಲ್ಲೇ ತ್ರಿವೇಣಿ” ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡರು. ನಾಚಿಕೆ ನಿಮಗಾಗಬೇಕಿತ್ತು, ಅದನ್ನೂ ಅವರೇ ಹೊತ್ತರು. ಆಮೇಲೆ ಅವರು ಮಾಳಿಗೆ ಹತ್ತಿಲ್ಲ. ಈಗ ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು, ಬಾಡಿಗೆಗೆ ತಂದ ಆಕ್ಸಿಜನ್ ಯಂತ್ರದ ಪಕ್ಕ ಕೂತಿರುತ್ತಾರೆ. ಕರೆಂಟು ಹೋದಾಗ ನಾನು ಮೊರದಿಂದ ಗಾಳಿ ಹಾಕುತ್ತೇನೆ. ಹಾಕುವುದೂ ಅದೇ ಗಾಳಿಯನ್ನೇ.

ಹಾಗಾಗಿ ನನ್ನ ಬೇಡಿಕೆ ಸಣ್ಣದು. ಬಂಬ ನಿಮಗೇ ಇರಲಿ. ನಮ್ಮ ಮಾಳಿಗೆಯ ಮೇಲೆ ನಿಂತು ನೀವು ಬಾಯಾರೆ ಆಡಿದ ಆ ಒಂದು ಮಾತನ್ನು, ಆಡಿದ ಹಾಗೆಯೇ, ಪರವಾನಗಿಯ ಕಡತದಲ್ಲಿ ಬರೆದು ಕೆಳಗೆ ಸಹಿ ಹಾಕಿ. ಅದಕ್ಕೆ ಯಂತ್ರ ಬೇಡ, ತಜ್ಞರ ಸಮಿತಿ ಬೇಡ, ಜಗತ್ತಿನ ಒಪ್ಪಂದವೂ ಬೇಡ. ಇಲ್ಲ, ಬಾಯಿಯ ಮಾತು ಸುಳ್ಳು, ವರದಿಯೇ ಸತ್ಯ ಎನ್ನುತ್ತೀರೋ? ಹಾಗಾದರೆ ನವೀಕರಣದ ಸಹಿ ಹಾಕುವ ಮೊದಲು ನಮ್ಮ ಮನೆಗೆ ಬಂದು, ಗಲ್ಲಿಯವರೆಲ್ಲರ ಎದುರಿಗೆ ತಿಂದು ತೋರಿಸಿ. ಮೋರಿಗೆ ಹೋಗುವ ಮುಂಚೆ ಎರಡು ಹಿಡಿ ಸಂಡಿಗೆ ತೆಗೆದು, ಅತ್ತೆಗೆ ಗೊತ್ತಾಗದ ಹಾಗೆ ಡಬ್ಬಿಯಲ್ಲಿ ಇಟ್ಟಿದ್ದೇನೆ.

ಈ ಪತ್ರ ಬರೆಯುವಾಗ ಅತ್ತೆ ಪಕ್ಕದಲ್ಲೇ ಇದ್ದರು. ಯಾರಿಗೆ ಎಂದು ಕೇಳಿದರು, ಹೇಳಿದೆ. ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡು, “ಸಾಹೇಬ್ರು ಮತ್ತ ಬಂದ್ರ ಬರೇ ಚಹಾ ಕೊಡು. ಸಂಡಿಗಿ ಗಿಂಡಿಗಿ ಕೊಡಬ್ಯಾಡ. ಧೂಳ ಹೊಟ್ಟ್ಯಾಗ ಹೋದ್ರ ಹೆಂಗ, ಪಾಪ, ಅವರಿಗೂ ಹೆಂಡ್ರು ಮಕ್ಕಳು ಇರ್ತಾರ” ಎಂದರು.

ನಾನು ಅವರಷ್ಟು ಒಳ್ಳೆಯವಳಲ್ಲ. ಬರ್ರಿ, ಎಣ್ಣೆ ಕಾಯಿಸಿಟ್ಟಿರುತ್ತೇನೆ.

ಇಂತಿ,
ನೀವು ಬರೆದ ಮಿತಿಯೊಳಗೇ ಕೆಮ್ಮುತ್ತಿರುವ ಗಲ್ಲಿಯಿಂದ,
ಕಾಶವ್ವನ ಸೊಸೆ ತ್ರಿವೇಣಿ