ಮಧ್ಯಾಹ್ನ ಬೇಯುವ ಜೋಳ

ಭಾನುವಾರ, ಆಗಸ್ಟ್ ೧೧

ಪ್ರೀತಿಯ ಗುಬ್ಬಿ,

ನಿನ್ನ ಪತ್ರ ಬಂದು ತಿಂಗಳಾಗುತ್ತಾ ಬಂತು. ಅಕ್ಕನಿಗೆ ಕೊಬ್ಬು ಎಂದು ಬೈದುಕೊಂಡಿರುತ್ತೀಯ, ಬೈದುಕೋ. ಶಾಲೆಯ ಯೂನಿಫಾರ್ಮುಗಳ ರಾಶಿ ನನ್ನ ತಲೆಗಿಂತ ಎತ್ತರ ಬೆಳೆದು ಕೂತಿತ್ತು ಎಂದು ನೆಪ ಹೇಳಬಹುದು. ಆದರೆ ನಿನ್ನ ಹತ್ತಿರ ನೆಪ ನಡೆಯುವುದಿಲ್ಲ.

ನಿನಗೀಗ ಮೂರು ತಿಂಗಳು ಎಂಬುದನ್ನು ಓದಿ, ಕತ್ತರಿಯನ್ನು ಕೈಯಲ್ಲಿ ಹಿಡಿದುಕೊಂಡೇ ಎಷ್ಟೋ ಹೊತ್ತು ಕೂತಿದ್ದೆ. ನಿನ್ನ ಭಾವ ಡ್ಯೂಟಿ ಮುಗಿಸಿ ಬಂದಾಗ ಹೇಳಿದೆ. ಅವರು ಬಸ್ಸಿನ ಹಾರ್ನ್ ಹೊಡೆದಂತೆ ಬಾಯಲ್ಲೇ ಪೋಂ ಪೋಂ ಎಂದರು. ಆಮೇಲೆ ಮುಖ ತೊಳೆಯಲು ಹೋದವರು ಬೇಗ ಹೊರಗೆ ಬರಲಿಲ್ಲ.

ಊಟ ಕಂಡರೆ ಹೊಟ್ಟೆ ತೊಳಸುತ್ತದೆ, ಎಳೆ ಜೋಳ ಒಂದೇ ಬಾಯಿಗೆ ಹಿಡಿಸುತ್ತದೆ, ಆದರೆ ನೀನು ಬೇಯಿಸಿದರೆ ಕಾಳು ರಬ್ಬರಿನಂತಾಗುತ್ತದೆ ಎಂದು ಬರೆದಿದ್ದೀಯ. ಕೇಳಿಸಿಕೋ. ತೆನೆಯ ಒರಟು ಹೊರಸಿಪ್ಪೆಯನ್ನು ಮಾತ್ರ ಕಿತ್ತು ತೆಗೆ. ಒಳಗಿನ ತೆಳು ಸಿಪ್ಪೆಯನ್ನು ಕೀಳದೆ ಬುಡದವರೆಗೆ ಇಳಿಸಿ, ಕೂದಲನ್ನೆಲ್ಲ ಬಿಡಿಸಿ, ಮತ್ತೆ ಮೇಲಕ್ಕೆಳೆದು ಹೊದಿಸು. ಕಿತ್ತ ಹೊರಸಿಪ್ಪೆಯನ್ನು ಪಾತ್ರೆಯ ತಳಕ್ಕೆ ಹಾಸಿ ಅದರ ಮೇಲೆ ತೆನೆ ಮಲಗಿಸು. ಮುಳುಗುವಷ್ಟು ನೀರು. ಕುದಿ ಬಂದ ಮೇಲೆ ಉರಿ ಸಣ್ಣದು ಮಾಡಿ ಮುಚ್ಚಳ ಹಾಕು. ಮುಚ್ಚಳ ಮೆಲ್ಲಗೆ ಟಪಟಪ ಅನ್ನುತ್ತಿರಬೇಕು, ಕುಣಿಯಬಾರದು. ನೀರಿಗೆ ಉಪ್ಪು ಹಾಕಲೇಬೇಡ, ಕಾಳು ಬಿಗಿಯುವುದು ಅದರಿಂದಲೇ. ಕೆಳಗಿಳಿಸಿದ ಮೇಲೆ, ಬಿಸಿ ಇರುವಾಗಲೇ ಉಪ್ಪು ಸವರು.

ಅಕ್ಕ ಯಾವಾಗ ಇಷ್ಟು ಜಾಣೆಯಾದಳು ಎಂದು ನಗಬೇಡ. ಇದನ್ನು ನಾನು ಕಲಿತ ಬಗೆಯನ್ನು ಮನೆಯಾಚೆ ಯಾರಿಗೂ ಹೇಳಿಲ್ಲ. ಬಸುರಿಗೆ ಇಂಥದ್ದನ್ನೆಲ್ಲ ಬರೆಯಬೇಡ ಎಂದು ನಿನ್ನ ಭಾವ ಹೇಳಿದ್ದಾರೆ. ನಿನ್ನ ಗಂಡ, ಆ ಡ್ರಾಯಿಂಗ್ ಮೇಷ್ಟ್ರು, ಮನೆಯಲ್ಲಿ ಇದ್ದಾಗ ಓದು.

ಈ ಮನೆ ನೀನು ನೋಡಿಲ್ಲವಲ್ಲ. ಕೆಳಗೆ ಓನರ್ ಅವರ ಪೇಂಟ್ ಅಂಗಡಿ, ಮೇಲೆ ನಾವು. ಮುಂದಿನ ಕೋಣೆಯ ಕಿಟಕಿಯ ಕೆಳಗೆ ನನ್ನ ಹೊಲಿಗೆ ಮೆಷಿನ್. ಅಲ್ಲಿಂದ ಒಂದು ಸಣ್ಣ ನಡುಮನೆ ದಾಟಿದರೆ ಅಡುಗೆಮನೆ. ಅಕ್ಕಪಕ್ಕ ಗೋಡೆಗೆ ಗೋಡೆ ತಾಗಿದ ಮನೆಗಳಿಲ್ಲ. ಬಂದ ಹೊಸತರಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಬಿಸಿಲು ಶುರುವಾದ ಮೇಲೆ, ಒಂದು ಮಧ್ಯಾಹ್ನ ಕಾಲರ್ ಹೊಲಿಯುತ್ತಿದ್ದಾಗ ಒಳಗಿನಿಂದ ಸದ್ದು ಕೇಳಿತು. ಪಾತ್ರೆಯಲ್ಲಿ ಏನೋ ಬೇಯುತ್ತಿದೆ, ಮುಚ್ಚಳ ಟಪಟಪ ಎನ್ನುತ್ತಿದೆ. ಒಲೆ ಆರಿಸುವುದನ್ನು ಮರೆತೆನೇನೋ ಎಂದು ಎದ್ದು ಓಡಿದೆ. ಒಲೆ ತಣ್ಣಗಿತ್ತು. ಪಾತ್ರೆಗಳೆಲ್ಲ ತೊಳೆದು ಕವುಚಿಟ್ಟಂತೆಯೇ ಇದ್ದವು. ಆದರೆ ಕೋಣೆಯ ತುಂಬಾ ಬೆಂದ ಜೋಳದ ಸಿಹಿ ವಾಸನೆ. ಕಿಟಕಿಯ ಗಾಜಿಗೆ ಒಳಗಿನಿಂದ ಆವಿ ಕೂತಿತ್ತು. ಬೆರಳಿಟ್ಟು ಎಳೆದೆ, ಗೆರೆ ಮೂಡಿತು, ಗೆರೆಯ ತುದಿಯಿಂದ ನೀರು ಇಳಿಯಿತು.

ನಿನ್ನ ಭಾವನಿಗೆ ಹೇಳಿದರೆ, "ನಿನಗೆ ಜೋಳ ತಿನ್ನೋ ಆಸೆಯಾಗಿದೆ, ನೇರವಾಗಿ ಕೇಳು, ತಂದುಕೊಡ್ತೀನಿ" ಎಂದು ನಕ್ಕರು. ಮಾರನೆಯ ದಿನವೂ ಅದೇ ಹೊತ್ತಿಗೆ ಅದೇ ಸದ್ದು. ಅದರ ಮಾರನೆಯ ದಿನವೂ. ನಾನು ಎದ್ದು ಬಾಗಿಲಿಗೆ ಬರುವವರೆಗೆ ಕೇಳುತ್ತದೆ, ಹೊಸ್ತಿಲಲ್ಲಿ ಕಾಲಿಟ್ಟರೆ ನಿಲ್ಲುತ್ತದೆ. ಯಾರೋ ಮಾತಾಡುತ್ತಿದ್ದವರು ನಮ್ಮನ್ನು ಕಂಡು ಸುಮ್ಮನಾಗುತ್ತಾರಲ್ಲ, ಹಾಗೆ.

ಒಂದು ರಜೆಯ ದಿನ ನಿನ್ನ ಭಾವ ಮನೆಯಲ್ಲೇ ಮಲಗಿದ್ದರು. ಸದ್ದು ಶುರುವಾಯಿತು. ನಾನು ಮೆಷಿನ್ ನಿಲ್ಲಿಸದೆ ಅವರತ್ತ ನೋಡಿದೆ. ಅವರಿಗೂ ಕೇಳಿಸಿತ್ತು. ಎದ್ದು ಒಳಗೆ ಹೋದರು. ಬೇಗ ಬರಲಿಲ್ಲ. ಬಂದಾಗ ಕನ್ನಡಕದ ಎರಡೂ ಗಾಜು ಆವಿ ಹಿಡಿದು ಬೆಳ್ಳಗಾಗಿದ್ದವು. ಅಂಗಿಯ ತುದಿಯಲ್ಲಿ ಒರೆಸಿಕೊಳ್ಳುತ್ತಾ, "ಬೇರೆ ಮನೆ ನೋಡೋಣವಾ?" ಎಂದಷ್ಟೇ ಕೇಳಿದರು. ನಾನು ಬೇಡ ಎಂದೆ. ಇನ್ನೊಂದು ಸಲ ಗಂಟುಮೂಟೆ ಕಟ್ಟುವ ಶಕ್ತಿ ನನಗಿರಲಿಲ್ಲ.

ಆಮೇಲೆ ನನಗೆ ಒಂಥರಾ ಹಟ ಬಂತು. ವಾಸನೆ ಬರುವುದಾದರೆ ನಿಜವಾದ ಜೋಳದ್ದೇ ಬರಲಿ ಎಂದು ಗಾಡಿಯವಳ ಹತ್ತಿರ ತೆನೆ ಕೊಂಡು ತಂದೆ. ನಿನ್ನ ಹಾಗೆಯೇ, ಸಿಪ್ಪೆಯನ್ನೆಲ್ಲ ಸುಲಿದು ಕಸಕ್ಕೆ ಹಾಕಿ, ನೀರಿಗೆ ಉಪ್ಪು ಸುರಿದು ಬೇಯಿಸಿದೆ. ಗಟ್ಟಿಯಾಯಿತು. ಇನ್ನೊಮ್ಮೆ ತಂದು, ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಅರ್ಧ ಉಳಿದಿದ್ದ ತೋಳು ಹೊಲಿದು ಮುಗಿಸೋಣ ಎಂದು ಮೆಷಿನ್ನಿಗೆ ಬಂದು ಕೂತೆ. ಆಗ ಒಳಗೆ ಬಟ್ಟೆ ಹರಿದಂತೆ ಚರ್ರ್ ಚರ್ರ್ ಎಂದು ಕೇಳಿತು. ಬಟ್ಟೆ ಹರಿಯುವ ಸದ್ದು ನನಗೆ ಗೊತ್ತಿಲ್ಲದ್ದಲ್ಲ, ಇದು ಅದಲ್ಲ. ಹೋಗಿ ನೋಡಿದೆ. ತೆನೆಗಳ ಹೊರಸಿಪ್ಪೆ ಪಾತ್ರೆಯ ತಳದಲ್ಲಿ ಒಪ್ಪವಾಗಿ ಹಾಸಿತ್ತು. ತೆನೆಗಳು ಒಳಸಿಪ್ಪೆ ಹೊದ್ದುಕೊಂಡು ಅದರ ಮೇಲೆ ಮಲಗಿದ್ದವು. ಕೂದಲೆಲ್ಲ ಉಂಡೆಯಾಗಿ ಕಟ್ಟೆಯ ಮೂಲೆಯಲ್ಲಿತ್ತು, ಮುಟ್ಟಿದರೆ ತೇವ. ಮುಂಬಾಗಿಲ ಚಿಲಕ ನಾನೇ ಒಳಗಿನಿಂದ ಹಾಕಿದ್ದು, ಹಾಕಿದಂತೆಯೇ ಇತ್ತು.

ಚಪ್ಪಲಿಯನ್ನೂ ಹಾಕದೆ ಕೆಳಗಿಳಿದು ಓನರ್ ಅವರ ಎದುರು ನಿಂತೆ. ಅವರು ಯಾರಿಗೋ ಬಣ್ಣ ಕಲಸಿಕೊಡುತ್ತಿದ್ದರು.

"ನಮಗಿಂತ ಮೊದಲು ಮೇಲೆ ಯಾರಿದ್ರು?" ಎಂದೆ.

"ಟೈಪಿಸ್ಟಮ್ಮ ಅಂತ. ಕೋರ್ಟಲ್ಲಿ ಟೈಪ್ ಮಾಡ್ತಿದ್ರು. ಒಂಟಿ ಜೀವ. ರಿಟೈರಾದ ಮೇಲೆ ಮಧ್ಯಾಹ್ನ ಮಧ್ಯಾಹ್ನ ಜೋಳ ಬೇಯಿಸೋರು, ಸ್ಕೂಲಿಂದ ಬರೋ ಬೀದಿ ಮಕ್ಕಳಿಗೆಲ್ಲ ಕೊಡೋರು. ನಮ್ಮ ಮೆಟ್ಟಿಲ ತುಂಬಾ ದಿಂಡು ಬಿದ್ದಿರ್ತಿತ್ತು ಬಿಡಿ."

"ತೀರಿಕೊಂಡಿದ್ದು ಅಡುಗೆಮನೇಲಾ?"

ಅವರು ಬಣ್ಣದ ಕೋಲನ್ನು ಡಬ್ಬದಲ್ಲೇ ಬಿಟ್ಟು ನನ್ನನ್ನು ನೋಡಿದರು. "ತೀರಿಕೊಂಡ್ರು ಅಂತ ಯಾರಮ್ಮಾ ಹೇಳಿದ್ದು? ಅಡುಗೆಮನೇಲಿ ಜಾರಿ ಬಿದ್ರು ನಿಜ. ಸೊಂಟ ಹೋಯ್ತು. ಅಣ್ಣನ ಮಗ ಬಂದು ವೃದ್ಧಾಶ್ರಮಕ್ಕೆ ಸೇರಿಸಿದ. ಹೋದ ವಾರ ಹೋಗಿದ್ದೆ, ಮಾತಿಲ್ಲ ಅನ್ನೋದು ಬಿಟ್ರೆ ಗುಂಡುಕಲ್ಲಿನ ಹಾಗಿದ್ದಾರೆ."

ಗುಬ್ಬಿ, ಸತ್ತಿದ್ದಾರೆ ಎಂದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಮೇಲೆ ಬಂದು, ಪಾತ್ರೆಯಲ್ಲಿ ಜೋಡಿಸಿಟ್ಟಿದ್ದ ಹಾಗೆಯೇ ನೀರು ಹಾಕಿ ಒಲೆ ಹಚ್ಚಿದೆ. ರೂಢಿಯಂತೆ ಕೈ ಉಪ್ಪಿನ ಡಬ್ಬಕ್ಕೆ ಹೋಯಿತು. ಒಂದು ಹಿಡಿ ಹಾಕಿದೆ. ಬೆಂದದ್ದನ್ನು ಸ್ಟೀಲ್ ಡಬ್ಬಿಗೆ ತುಂಬಿಕೊಂಡು ಮಾರನೆಯ ದಿನ ಬಸ್ಸು ಹತ್ತಿದೆ.

ಆಶ್ರಮದ ನರ್ಸ್ ಒಳ್ಳೆಯ ಹುಡುಗಿ. "ನೀವು ಅವರಿಗೆ ಏನಾಗಬೇಕು?" ಎಂದಳು. ಏನು ಹೇಳುವುದು? ಅವರಿದ್ದ ಮನೆಯಲ್ಲಿ ಇದ್ದೇನೆ ಎಂದೆ. "ಅವರು ಮಾತು ಬಿಟ್ಟು ಎಷ್ಟೋ ದಿನ ಆಯ್ತು ಕಣ್ರೀ. ಕೈ ಮಾತ್ರ ಸುಮ್ನಿರಲ್ಲ. ಊಟ ಆದ್ಮೇಲೆ ಶುರು ಮಾಡ್ತಾರೆ ನೋಡಿ" ಎಂದು ಕಿಟಕಿಯ ಪಕ್ಕದ ಮಂಚಕ್ಕೆ ಕರೆದುಕೊಂಡು ಹೋದಳು.

ತೆಳ್ಳನೆಯ ಹೆಂಗಸು. ಬೆಳ್ಳಗಿನ ಕೂದಲನ್ನು ಹಿಂದಕ್ಕೆ ಬಿಗಿಯಾಗಿ ಕಟ್ಟಿದ್ದರು. ದಿಂಬಿಗೆ ಒರಗಿ, ಬರಿಗೈಯಲ್ಲಿ ಏನನ್ನೋ ಸುಲಿಯುತ್ತಿದ್ದರು. ಹೊರಸಿಪ್ಪೆ ಕಿತ್ತು ಒಂದು ಕಡೆ, ಒಳಸಿಪ್ಪೆ ಇಳಿಸಿ, ಕೂದಲು ಬಿಡಿಸಿ ಇನ್ನೊಂದು ಕಡೆ. ನಾನು ನಿಂತೇ ಇದ್ದೆ. ಡಬ್ಬಿಯ ಮುಚ್ಚಳ ತೆಗೆದಾಗ ಆ ಕೈಗಳು ನಿಂತವು. ಮುಖ ಎತ್ತಿ ನನ್ನನ್ನು ನೋಡಿ, ದಿನಾ ಮಾತಾಡುವವರಂತೆ ಹೇಳಿದರು.

"ಮೆಷಿನ್ ತುಳಿಯೋಳು ನೀನಾ?"

ನರ್ಸ್ ಕೈಯಲ್ಲಿದ್ದ ನೀರಿನ ಲೋಟವನ್ನು ಕೆಳಗಿಟ್ಟಳು.

"ನಾನು ಒಲೆ ಮುಂದೆ ನಿಂತಿರ್ತೀನಿ. ಮುಂದಿನ ರೂಮಲ್ಲಿ ಕಟಕಟ ಕಟಕಟ. ಹೋಗಿ ನೋಡಿದ್ರೆ ಯಾರೂ ಇಲ್ಲ. ಮೊದಮೊದಲು ಭಯ ಆಗ್ತಿತ್ತು. ನಂದೇ ಮನೇಲಿ ದೆವ್ವ ಸೇರಿಕೊಂಡಿದೆ ಅನ್ಕೊಂಡೆ. ಆಮೇಲೆ ರೂಢಿಯಾಯ್ತು. ಸದ್ದು ಇದ್ರೆ ಮನೆ ಮನೆ ಥರ ಇರತ್ತೆ."

ಒಂದು ತೆನೆ ತೆಗೆದು ಅವರ ಕೈಗಿಟ್ಟೆ. ಕಚ್ಚಿ, ಅಗಿದು, ಮುಖ ಸಿಂಡರಿಸಿದರು.

"ನನ್ನ ಪಾತ್ರೆಗೆ ಉಪ್ಪು ಹಾಕೋಳೂ ನೀನೇ ಅನ್ನು. ಕಾಳಿನ ಚರ್ಮ ಬಿಗಿಯತ್ತೆ ಕಣೇ, ಮಕ್ಕಳ ಹಲ್ಲಿಗೆ ಬರಲ್ಲ. ಇಳಿಸಿದ ಮೇಲೆ ಹಾಕು." ಹೀಗೆ ಶುರುವಾಗಿ, ನಾನು ಮೇಲೆ ಬರೆದದ್ದನ್ನೆಲ್ಲ ಒಂದೊಂದಾಗಿ ಹೇಳಿಕೊಟ್ಟರು. ಮುಚ್ಚಳದ ಸದ್ದು ಹೇಗಿರಬೇಕು ಎಂದು ಮಂಚದ ಕಬ್ಬಿಣದ ಮೇಲೆ ಉಗುರಿನಿಂದ ಬಡಿದು ತೋರಿಸಿದರು. ನಾನು ಮುಂದಿನ ಕೋಣೆಯಲ್ಲಿ ಕೂತು ಕೇಳುತ್ತಿದ್ದ ಸದ್ದು ಅದೇ. ಕೊನೆಗೆ ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, "ನನ್ನ ಕೈ ಸೋತಿದೆ. ಇನ್ಮೇಲೆ ನೀನೇ ಬೇಯಿಸು" ಎಂದರು.

ಅಂದಿನಿಂದ ಮನೆಯಲ್ಲಿ ಯಾವ ಸದ್ದೂ ಇಲ್ಲ, ವಾಸನೆಯೂ ಇಲ್ಲ. ನರ್ಸಿಗೆ ಫೋನ್ ಮಾಡಿ ಕೇಳಿದೆ. ಅಮ್ಮ ಈಗ ಮಧ್ಯಾಹ್ನ ನಿದ್ದೆ ಮಾಡುತ್ತಾರೆ, ಕೈ ಅಲ್ಲಾಡಿಸುವುದಿಲ್ಲ ಎಂದಳು. ಆದ್ದರಿಂದ ನೀನು ಹೆದರಬೇಕಾದ್ದೇನೂ ಇಲ್ಲ. ನಿನ್ನ ಭಾವ ಚೆನ್ನಾಗಿದ್ದಾರೆ. ಹೊಸ ರೂಟ್ ಕೊಟ್ಟಿದ್ದಾರೆ, ರಸ್ತೆಯ ಗುಂಡಿಗಳಿಗೆಲ್ಲ ಒಂದೊಂದು ಅಡ್ಡಹೆಸರು ಇಟ್ಟುಕೊಂಡು ಓಡಿಸುತ್ತಿದ್ದಾರೆ.

ಭಾರ ಎತ್ತಬೇಡ. ಮೇಷ್ಟ್ರ ಕೈಯಲ್ಲಿ ನೀರು ಹೊರಿಸು, ಚಿತ್ರ ಬರೆಯುವ ಕೈಗೆ ಏನೂ ಆಗುವುದಿಲ್ಲ. ಎರಡು ಸಡಿಲ ಉಡುಪು ಹೊಲಿದಿಟ್ಟಿದ್ದೇನೆ, ಪಾರ್ಸಲ್ ಮಾಡುತ್ತೇನೆ. ನೀನೂ, ನಿನ್ನೊಳಗಿರುವ ಜೀವವೂ ತಣ್ಣಗಿರಿ, ತುಂಬು ಆಯುಷ್ಯ ಬಾಳಿ. ನನ್ನ ಆಯುಷ್ಯದ ಪಾಲು ಬೇಕಾದರೂ ತೆಗೆದುಕೊಳ್ಳಿ.

ಇಂತು ನಿನ್ನ
ಅಕ್ಕ

ತಾ.ಕ.: ಹೆರಿಗೆಯ ಹೊತ್ತಿಗೆ ನೀನೇ ಬಂದಿರಬೇಕು ಅಕ್ಕ ಎಂದು ಕೇಳಿದ್ದೀಯ. ಅದಕ್ಕೆ ನಾನು ಉತ್ತರ ಬರೆದಿಲ್ಲ, ನಿನ್ನ ಕಣ್ಣಿಗೆ ಬಿದ್ದಿರುತ್ತದೆ. ನನ್ನ ಮಗಳು ಹೋದಾಗಿನಿಂದ ನೀನು ಒಂದು ಪತ್ರದಲ್ಲೂ ಅವಳ ಮಾತೆತ್ತಿಲ್ಲ. ನನಗೆ ನೋವಾಗದಿರಲಿ ಎಂದು, ಗೊತ್ತು. ನಾವೂ ಎತ್ತುವುದಿಲ್ಲ. ಅದಕ್ಕೇ ಅಲ್ಲವೇ ಆ ಮನೆ ಬಿಟ್ಟು ಇಲ್ಲಿಗೆ ಬಂದದ್ದು. ಈ ಬೀದಿಯಲ್ಲಿ ನಾವು ಮಕ್ಕಳಿಲ್ಲದವರು.

ಆವತ್ತು ನಾನು ಹೊರಟಾಗ ಟೈಪಿಸ್ಟಮ್ಮ ನನ್ನ ಕೈ ಹಿಡಿದು ಬಗ್ಗಿಸಿಕೊಂಡು ಕಿವಿಯಲ್ಲಿ ಕೇಳಿದರು: "ಬಾಗಿಲಲ್ಲಿ ಬಂದು ನಿಲ್ಲತ್ತಲ್ಲ, ತಲೆ ಬೋಳಿಸಿರೋ ಹುಡುಗಿ, ನಿಂದಾ? ಮುಂದಿನ ಹಲ್ಲಿಲ್ಲ ಪಾಪ, ತೆನೆ ಕಚ್ಚೋಕಾಗಲ್ಲ. ನಾನೇ ಕಾಳು ಬಿಡಿಸಿ ಕೊಡ್ತೀನಿ. ಅಮ್ಮ ಕೆಲಸ ಮಾಡ್ತಿದ್ದಾಳೆ, ಕರೀಬೇಡಿ ಅನ್ನತ್ತೆ." ಆಸ್ಪತ್ರೆಯಲ್ಲಿ ತಲೆ ಬೋಳಿಸಿದ್ದು, ಅಲ್ಲಿಯೇ ಆ ಹಲ್ಲು ಬಿದ್ದದ್ದು, ನಮ್ಮಿಬ್ಬರನ್ನು ಬಿಟ್ಟರೆ ನಿನಗೊಬ್ಬಳಿಗೇ ಗೊತ್ತು.

ಮನೆಗೆ ಬಂದು ಜೋಳ ಬೇಯಿಸಿದೆ. ಉಪ್ಪು ಹಾಕದೆ. ಕಾಳು ಬಿಡಿಸಿ ಬಟ್ಟಲಿಗೆ ತುಂಬಿ ಕಟ್ಟೆಯ ಮೇಲಿಟ್ಟು, ಮೆಷಿನ್ನಿಗೆ ಹೋಗಿ ಕೂತು, ದಾರ ಪೋಣಿಸದೆಯೇ ತುಳಿಯುತ್ತಾ ಇದ್ದೆ. ಸಂಜೆ ಹೋಗಿ ನೋಡಿದರೆ ಬಟ್ಟಲು ತುಂಬಿಯೇ ಇತ್ತು. ನಿನ್ನ ಭಾವ ಬಂದು ಅದನ್ನು ನೋಡಿದರು. ಯಾರಿಗೆ ಎಂದು ಕೇಳಲಿಲ್ಲ. "ನಿನಗೂ ಕಾಣಿಸಿದ್ಲಾ?" ಎಂದರು.

ಅವರಿಗೆ ಕಂಡಿದ್ದಾಳೆ, ಗುಬ್ಬಿ. ಪರರಿಗೂ ಕಂಡಿದ್ದಾಳೆ. ದಿನವೂ ಬೇಯಿಸಿ ಇಡುತ್ತಿದ್ದೇನೆ. ನನಗೊಮ್ಮೆ ಕಂಡರೆ ಮಾರನೆಯ ದಿನವೇ ನಿನ್ನೂರಿನ ಬಸ್ಸು ಹತ್ತುತ್ತೇನೆ. ಅಲ್ಲಿಯವರೆಗೆ ಮಧ್ಯಾಹ್ನದ ಹೊತ್ತು ಈ ಮನೆಯನ್ನು ಬಿಟ್ಟು ಬರಲಾರೆ.