ಮುಳುಗುವವನ ಅರ್ಜಿ

ನಗರಗೆರೆ
11-2-2024

ಚಿರಂಜೀವಿ ಸೌಭಾಗ್ಯವತಿ ಶಿರೀಷಾಳಿಗೆ, ನಿನ್ನ ತಂದೆ ಮುನಿವೆಂಕಟಪ್ಪ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಆರೋಗ್ಯವಾಗಿದ್ದೇವೆ. ಚಿಂತಾಮಣಿಯಲ್ಲಿ ನೀನೂ ಅಳಿಯಂದಿರೂ ಮೊಮ್ಮಗಳು ಧನುಶ್ರೀಯೂ ಹಾಗೆಯೇ ಇರುವಿರೆಂದು ನಂಬಿದ್ದೇನೆ. ನೀನು ಕನ್ನಡಕ್ಕೆ ತಂದ ಕಾದಂಬರಿಯ ಹಸ್ತಪ್ರತಿಯನ್ನು ಸಂಕ್ರಾಂತಿಯೊಳಗೆ ತಿದ್ದಿ ಕಳಿಸುವುದಾಗಿ ಹೇಳಿ, ತಿಂಗಳು ತಡಮಾಡಿದ್ದೇನೆ. ಚಿಕ್ಕಬಳ್ಳಾಪುರದ ಮುದ್ರಣಾಲಯದವರು ದಿನವೂ ಫೋನು ಮಾಡುತ್ತಿರುವರಂತೆ. ತಪ್ಪು ನನ್ನದು, ಕ್ಷಮಿಸತಕ್ಕದ್ದು. ಪುಟಗಳೆಲ್ಲವೂ ಇದರೊಂದಿಗಿವೆ. ನಿನ್ನ ಮುನ್ನುಡಿಯ ಹಾಳೆಯೊಂದನ್ನು ಮಾತ್ರ ತಡೆಹಿಡಿದಿದ್ದೇನೆ. ಅದು ಅಚ್ಚಿಗೆ ಹೋಗುವ ಮುನ್ನ ನಾನು ನಿನ್ನಲ್ಲಿ ಅರಿಕೆ ಮಾಡಬೇಕಾದುದಿದೆ.

ಗ್ರೀಕರ ಪುರಾಣದ ವೀರರು ಚಿನ್ನದ ಉಣ್ಣೆ ತರಲು ಹಡಗು ಹತ್ತಿದ ಕಥೆ ಇಷ್ಟು ಹತ್ತಿರದ್ದೆಂದು ನಾನು ಎಣಿಸಿರಲಿಲ್ಲ. ಆ ಇಂಗ್ಲಿಷ್ ಲೇಖಕರು ಅವರನ್ನು ದೇವತೆಗಳ ಮಕ್ಕಳೆಂದು ಮೆರೆಸದೆ, ಅಂಜಿಕೆಯುಳ್ಳ ಮನುಷ್ಯರನ್ನಾಗಿ ಮಾಡಿದ್ದಾರೆ. ಸಿಂಹದ ಚರ್ಮ ಹೊದ್ದ ಮಹಾಬಲನಿಗೆ ಈಜು ಬಾರದು. ಅದನ್ನು ಯಾರಿಗೂ ತಿಳಿಯಗೊಡದೆ ಎಲ್ಲರಿಗಿಂತ ಗಟ್ಟಿಯಾಗಿ ಹುಟ್ಟು ಹಾಕುತ್ತಾನೆ. ಆ ಅಧ್ಯಾಯವನ್ನು ಮೂರು ಸಲ ಓದಿದೆ. ಸಮುದ್ರವನ್ನೇ ಕಾಣದ ನೀನು ಉಪ್ಪುಗಾಳಿಯನ್ನು ನಮ್ಮ ಜಗಲಿಯ ಮೇಲೆ ತಂದಿಟ್ಟೆ. ಹೇಗೆ ಸಾಧ್ಯವಾಯಿತು ತಾಯಿ?

ತಡಕ್ಕೆ ಕಾರಣ ಹೇಳುತ್ತೇನೆ. ಗೌರಿಬಿದನೂರಿನ ತಾಲ್ಲೂಕು ಕಚೇರಿಯ ಮುಂದೆ ಮೂವತ್ತೆಂಟು ವರ್ಷ ಅರ್ಜಿ ಬರೆದ ಕೈ ಇದು. ಬಿರುಗಾಳಿಯಲ್ಲಿ ಹಡಗಿನಿಂದ ಬಿದ್ದವನು "ಹಗ್ಗ ಎಸೀರೋ!" ಎಂದು ಕೂಗುವಲ್ಲಿ, ಭಾಷೆ ಒರಟಾಯಿತೆಂದು, "ತಾವು ದಯಮಾಡಿ ಹಗ್ಗವನ್ನು ಒದಗಿಸಿಕೊಡಬೇಕಾಗಿ ವಿನಂತಿ" ಎಂದು ಪೆನ್ಸಿಲಿನಲ್ಲಿ ತಿದ್ದಿದೆ. ಸಂಜೆ ಕಥೆ ಕೇಳಲು ಬರುವ ಪಕ್ಕದ ಮನೆಯ ಆವುಲಪ್ಪ ಅಲ್ಲೇ ತಡೆದ.

"ಲೋ ಮುನಿವೆಂಕಟಪ್ಪ, ಅಷ್ಟುದ್ದ ಹೇಳೋಷ್ಟ್ರಲ್ಲಿ ಮುಳ್ಗೇ ಹೋಗ್ತಾನೆ ಕಣೋ! ತಹಸೀಲ್ದಾರ್ ಸೈನೂ ಆಗ್ಬೇಕಾ ಅದಕ್ಕೆ?"

ನಿನ್ನ ತಾಯಿ ಅವರೆಕಾಯಿ ಸುಲಿಯುತ್ತ, "ಮಗಳು ಬರ್ದಿರೋದನ್ನ ಓದ್ರಿ. ನಿಮ್ದು ನಿಮ್ಮತ್ರಾನೇ ಇರ್ಲಿ" ಎಂದಳು.

ಎರಡು ದಿನ ಮುನಿಸಿಕೊಂಡಿದ್ದೆ. ಮೂರನೆಯ ದಿನ ನಿನ್ನ ಮಾತಿನಲ್ಲೇ ಓದಿದೆ. ಆವುಲಪ್ಪ ಮುಂದಕ್ಕೆ ಜರುಗಿ, ಮುಂದೇನಾಯಿತೆಂಬ ಆತುರಕ್ಕೆ ತೆಲುಗಿಗೇ ಹೊರಳಿ, "ತರ್ವಾತ ಏಮಾಯೆ? ಸಿಕ್ತಾ ಹಗ್ಗ?" ಎಂದ. ನಾನು ಬರೆದ ಯಾವ ಅರ್ಜಿಯನ್ನೂ ಯಾರೂ ಹಾಗೆ ಕೇಳಿದ್ದಿಲ್ಲ. ಮುನ್ನೂರು ಪುಟಗಳ ಮೇಲಿನ ನನ್ನ ತಿದ್ದುಪಡಿಗಳನ್ನು ರಬ್ಬರಿನಿಂದ ಅಳಿಸಲು ಇಷ್ಟು ದಿನ ಹಿಡಿಯಿತು. ನಿನ್ನ ಭಾಷೆ ನನ್ನದಕ್ಕಿಂತ ದೊಡ್ಡದೆಂದು ಈ ಮೂಲಕ ದೃಢೀಕರಿಸಿದ್ದೇನೆ.

ನಿನ್ನ ಲೇಖನಿಗೆ ಆಯುಸ್ಸು ಹೆಚ್ಚಲಿ. ಧನುಶ್ರೀ ನಿನ್ನಂತೆಯೇ ಓದುವವಳಾಗಲಿ.

ಇತಿ ನಿನ್ನ ಹಿತೈಷಿ,
ಮುನಿವೆಂಕಟಪ್ಪ

ವಿ.ಸೂ.: ಮುನ್ನುಡಿಯಲ್ಲಿ ನೀನು, "ಈ ಕಾದಂಬರಿಯನ್ನು ಕಾಲೇಜಿನಲ್ಲಿ ಅರ್ಧ ಓದಿದ್ದೆ, ಅನಾರೋಗ್ಯದ ನಿಮಿತ್ತ ಕಾಲೇಜು ಬಿಟ್ಟಿದ್ದರಿಂದ ಗ್ರಂಥಾಲಯಕ್ಕೆ ಮರಳಿಸಬೇಕಾಯಿತು" ಎಂದು ಬರೆದಿರುವೆ. ಆ ವರ್ಷ ನಿನಗೆ ಒಂದು ದಿನದ ನೆಗಡಿಯೂ ಇರಲಿಲ್ಲ. ನಿನ್ನ ಮದುವೆ ಗೊತ್ತಾಗಿತ್ತು. ತರಗತಿಗೇ ಮೊದಲು ಬರುವ ಹುಡುಗಿಯನ್ನು ನಡುವರ್ಷದಲ್ಲಿ ಬಿಡಿಸಲು ಪ್ರಾಂಶುಪಾಲರು ಒಪ್ಪಲಾರರೆಂದು, ನಿನ್ನ ಹೆಸರಿನಲ್ಲಿ ಕಾಯಿಲೆಯ ಅರ್ಜಿ ಬರೆದವನು ನಾನು. "ಅಪ್ಪಾ, ನಂಗೇನಾಗಿದೆ?" ಎಂದು ನೀನು ಕೇಳಿದೆ. "ಬರೆಯೋದೆಲ್ಲ ಹಂಗೇ ಕಣಮ್ಮ, ಸೈನ್ ಹಾಕು" ಎಂದೆ. ನೀನು ಹಾಕಿದೆ. ನನ್ನ ಸುಳ್ಳನ್ನು ಇಪ್ಪತ್ತೈದು ವರ್ಷ ನಿನ್ನದೆಂದು ಹೇಳಿಕೊಂಡು ಬಂದಿರುವೆ. ಆ ಸಾಲನ್ನು ಹೊಡೆದುಹಾಕಿ, ಮುನ್ನುಡಿಯ ಹಾಳೆಯನ್ನು ಬೇರೆ ಬರೆದುಕೊ ತಾಯಿ. "ನನ್ನ ತಂದೆ ಬಿಡಿಸಿದರು" ಎಂದು ಬರೆ. ಊರಿನವರು ಓದಿ ಕೇಳಿದರೆ, ಉತ್ತರ ನಾನು ಹೇಳುತ್ತೇನೆ.